ಎತ್ತದೇ ಉಳಿದ ಕಪ್ಪು ಬಾವುಟ

ಮೇ ತಿಂಗಳ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ದೀಪ ಬೇಗ ಆರುವುದಿಲ್ಲ. ಅಮೆರಿಕದಲ್ಲಿ ಮಧ್ಯಾಹ್ನ ಶುರುವಾಗುವ ಇಂಡಿಯಾನಾಪೊಲಿಸ್ 500 ಕಾರು ರೇಸ್ ನಮಗೆ ರಾತ್ರಿ ಹತ್ತು ದಾಟಿದ ಮೇಲೆ ಸಿಗುತ್ತದೆ. ಮಕ್ಕಳು ಮಲಗಿರುತ್ತಾರೆ. ಲ್ಯಾಪ್‌ಟಾಪ್‌ನ ಸೌಂಡ್ ಪೂರ್ತಿ ಇಳಿಸಿ ನೋಡುತ್ತೇನೆ. 33 ಕಾರು, ಸಾಲಿಗೆ ಮೂರರಂತೆ 11 ಸಾಲು. ಶುರುವಿನಲ್ಲಿ ಎಲ್ಲರನ್ನೂ ನಿಧಾನವಾಗಿ ಕರೆದುಕೊಂಡು ಬರುವ ಪೇಸ್ ಕಾರು ಪಕ್ಕಕ್ಕೆ ಸರಿಯುವ ಆ ಗಳಿಗೆ ಬಂದರೆ ಈಗಲೂ ಅಂಗೈ ಬೆವರುತ್ತದೆ. ಆದರೆ ಹತ್ತು ಹದಿನೈದು ವರ್ಷದಿಂದ ನನ್ನಲ್ಲಿ ಒಂದು ಬದಲಾವಣೆ ಆಗಿದೆ. ಮುಂಚೆ ಕಣ್ಣು ಮೊದಲ ಸಾಲಿನ ಡ್ರೈವರ್‌ಗಳ ಮೇಲೆ ಇರುತ್ತಿತ್ತು. ಈಗ ಅದು ಬಾವುಟ ಹಿಡಿದವರ ಕಡೆ ಹೋಗುತ್ತದೆ. ಅವರ ಹಿಂದೆ, ಕ್ಯಾಮೆರಾಕ್ಕೆ ಕಾಣದ ಕೋಣೆಯಲ್ಲಿ ಕೂತು "ಈಗ ಬಿಡಿ", "ಈಗ ನಿಲ್ಲಿಸಿ" ಅಂತ ಹೇಳುವವರ ಕಡೆ ಹೋಗುತ್ತದೆ.

ಇದಕ್ಕೆ ಕಾರಣ ಒಂದು ಬಟನ್. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ, ರಾಲಿಯೊಂದರಲ್ಲಿ, ನನ್ನ ಕೈಯಲ್ಲಿದ್ದ ವಯರ್‌ಲೆಸ್ ಸೆಟ್‌ನ ಬಟನ್. ಅದನ್ನು ನಾನು ಒತ್ತಬೇಕಾಗಿತ್ತು, ಒತ್ತಲಿಲ್ಲ. ಆ ಕಥೆಗೆ ಬರುತ್ತೇನೆ. ಅದಕ್ಕೂ ಮುಂಚೆ ಹಾರ್ಲನ್ ಫೆಂಗ್ಲರ್ ಬಗ್ಗೆ ಹೇಳಬೇಕು. ಆ ಮನುಷ್ಯ ಸಿಗದೇ ಹೋಗಿದ್ದರೆ ನನ್ನ ಆ ಸಂಜೆಯನ್ನು ಯೋಚಿಸುವ ದಾರಿಯೇ ನನಗೆ ಸಿಗುತ್ತಿರಲಿಲ್ಲ.

ರೇಸ್ ಹುಚ್ಚು ಇರುವವರಿಗೆ 1963ರ ಇಂಡಿಯಾನಾಪೊಲಿಸ್ ಓಟ ಗೊತ್ತಿರುತ್ತದೆ. ಪಾರ್ನೆಲಿ ಜೋನ್ಸ್ ಗೆದ್ದ, ಜಿಮ್ ಕ್ಲಾರ್ಕ್ ಎರಡನೇ ಜಾಗಕ್ಕೆ ಬಂದ ಓಟ. ಆ ದಿನದ ಬಗ್ಗೆ ಮಾತಾಡುವವರೆಲ್ಲ ಜೋನ್ಸ್ ಬಗ್ಗೆ, ಕ್ಲಾರ್ಕ್ ಬಗ್ಗೆ, ಹಿಂದೆ ಎಂಜಿನ್ ಇಟ್ಟಿದ್ದ ಪುಟ್ಟ ಲೋಟಸ್ ಕಾರಿನ ಬಗ್ಗೆ ಮಾತಾಡುತ್ತಾರೆ. ನನ್ನ ತಲೆಯಲ್ಲಿ ಕೂತಿರುವುದು ಟ್ರ್ಯಾಕ್ ಪಕ್ಕದಲ್ಲಿ ನಿಂತಿದ್ದ ಮೂರನೆಯವರು. ದೊಡ್ಡ ಬಿಳಿ ಹ್ಯಾಟ್ ಹಾಕಿದ್ದ ಕಾರು ಮಾಲೀಕರೊಬ್ಬರು ಕಿವಿಯ ಹತ್ತಿರ ಕೂಗುತ್ತಿದ್ದಾಗ, ಓಡುತ್ತಿದ್ದ ಕಾರನ್ನೇ ನೋಡುತ್ತಾ ನಿಂತಿದ್ದ ಚೀಫ್ ಸ್ಟುವರ್ಡ್, ಅಂದರೆ ಓಟದ ಮುಖ್ಯ ಅಧಿಕಾರಿ, ಹಾರ್ಲನ್ ಫೆಂಗ್ಲರ್.

ಎಣ್ಣೆ ನೋಡುವ ಕೆಲಸ

ಫೆಂಗ್ಲರ್ ಕಚೇರಿಯಿಂದ ಬಂದ ಅಧಿಕಾರಿ ಅಲ್ಲ. ಹುಡುಗನಾಗಿದ್ದಾಗ ಹ್ಯಾರಿ ಹಾರ್ಟ್ಜ್ ಅನ್ನೋ ದೊಡ್ಡ ಡ್ರೈವರ್ ಪಕ್ಕದಲ್ಲಿ ರೈಡಿಂಗ್ ಮೆಕ್ಯಾನಿಕ್ ಆಗಿ ಕೂತವರು. ಆ ಕಾಲದ ರೇಸ್ ಕಾರಿನಲ್ಲಿ ಇಬ್ಬರು ಇರುತ್ತಿದ್ದರು. ಒಬ್ಬರು ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬರು ಉಳಿದದ್ದೆಲ್ಲ ನೋಡಿಕೊಳ್ಳಬೇಕು. ಕೈಯಿಂದ ಪಂಪ್ ಹೊಡೆದು ಇಂಧನಕ್ಕೆ ಒತ್ತಡ ಕೊಡಬೇಕು, ಹಿಂದೆ ಯಾರು ಬರುತ್ತಿದ್ದಾರೆ ಅಂತ ಕತ್ತು ತಿರುಗಿಸಿ ನೋಡಬೇಕು, ಟೈರ್ ಸವೆದಿದೆಯಾ ನೋಡಬೇಕು, ಎಂಜಿನ್ ಆಯಿಲ್‌ನ ಮುಳ್ಳು ಕೆಳಗೆ ಇಳಿಯದ ಹಾಗೆ ಕಾಯಬೇಕು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ತೊಡೆ ತಟ್ಟಿಯೋ ಭುಜ ತಟ್ಟಿಯೋ ಹೇಳಬೇಕು. ಅಂದರೆ ಫೆಂಗ್ಲರ್ ರೇಸಿಂಗ್‌ನಲ್ಲಿ ಮೊದಲು ಕಲಿತದ್ದು ಎಣ್ಣೆಯ ಮೇಲೆ ಕಣ್ಣಿಡುವುದು. ಇದನ್ನು ಓದಿದ ದಿನ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

1923ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ರೈಡಿಂಗ್ ಮೆಕ್ಯಾನಿಕ್ ಕಡ್ಡಾಯ ಅಲ್ಲ ಅಂತಾಯಿತು. ಒಂಟಿ ಸೀಟಿನ ಕಾರುಗಳು ಬಂದವು. ಆ ವರ್ಷ ಫೆಂಗ್ಲರ್ ತಾವೇ ಸ್ಟಿಯರಿಂಗ್ ಹಿಡಿದು ಅಲ್ಲಿ ಓಡಿಸಿದರು. ಆಗ ವಯಸ್ಸು ಇಪ್ಪತ್ತರ ಆಸುಪಾಸು. ಎರಡೂವರೆ ಮೈಲಿಯ ಟ್ರ್ಯಾಕ್ ಪೂರ್ತಿ ಇಟ್ಟಿಗೆ. 1909ರಲ್ಲಿ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದ್ದರು. ಗೆಲುವು ಅಲ್ಲಿ ಸಿಗಲಿಲ್ಲ. ಅದು ಸಿಕ್ಕಿದ್ದು 1924ರ ಆರಂಭದಲ್ಲಿ, ಬೆವರ್ಲಿ ಹಿಲ್ಸ್‌ನ ಮರದ ಹಲಗೆಯ ಟ್ರ್ಯಾಕಿನಲ್ಲಿ, 250 ಮೈಲಿಯ ಓಟದಲ್ಲಿ.

ಮರದ ಟ್ರ್ಯಾಕ್ ಅಂದರೆ ಏನು ಅಂತ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಈಗ ಅಂಥದ್ದು ಒಂದೂ ಉಳಿದಿಲ್ಲ. ಪೈನ್ ಮರದ ಪಟ್ಟಿಗಳನ್ನು ಅಂಚು ಮೇಲೆ ಮಾಡಿ ಒತ್ತೊತ್ತಾಗಿ ಜೋಡಿಸಿ ಮೊಳೆ ಹೊಡೆಯುತ್ತಿದ್ದರು. ತಿರುವುಗಳು ಗೋಡೆಯ ಹಾಗೆ ಮೇಲೆದ್ದಿರುತ್ತಿದ್ದವು. ಕಾರುಗಳು ಗಂಟೆಗೆ 110, 120 ಮೈಲಿ ವೇಗದಲ್ಲಿ ಸುತ್ತುವಾಗ ಮರದ ಸಿಬಿರು ಹಾರಿ ಮುಖಕ್ಕೆ ಚುಚ್ಚುತ್ತಿತ್ತು. ಎಂಜಿನ್‌ಗಳು ಎಣ್ಣೆ ಉಗುಳುತ್ತಲೇ ಇರುತ್ತಿದ್ದವು. ಆ ಎಣ್ಣೆ ಮರಕ್ಕೆ ಇಳಿದು ಹಲಗೆ ಕಪ್ಪಾಗಿ, ಕಾಲಿಟ್ಟರೆ ಜಾರುವ ಹಾಗೆ ಆಗುತ್ತಿತ್ತು. ಅಂಥ ಕಡೆ ಬ್ರೇಕ್ ಇಲ್ಲದ ಹಾಗೆ ಓಡಿಸಿ ಗೆದ್ದವನಿಗೆ ಎಣ್ಣೆ ಟೈರ್ ಕೆಳಗೆ ಸಿಕ್ಕರೆ ಸೊಂಟಕ್ಕೆ ಏನು ಗೊತ್ತಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರು ಜಾರುವುದು ಮೊದಲು ಗೊತ್ತಾಗುವುದು ಸೊಂಟಕ್ಕೆ. ಕಣ್ಣಿಗೆ ಆಮೇಲೆ.

ಆ ಮನುಷ್ಯ 1958ರಲ್ಲಿ ಇಂಡಿಯಾನಾಪೊಲಿಸ್‌ನ ಚೀಫ್ ಸ್ಟುವರ್ಡ್ ಆದರು. ಅವರಿಗಿಂತ ಮುಂಚೆ ಆ ಜಾಗದಲ್ಲಿ ಇದ್ದ ಹ್ಯಾರಿ ಮೆಕ್ವಿನ್ ಕೂಡ ಹಳೇ ಡ್ರೈವರ್‌. ಇದು ಅಲ್ಲಿನ ಪದ್ಧತಿಯೇ ಆಗಿತ್ತು ಅನ್ನಬಹುದು: ಓಡಿಸಿದವನೇ ನಿಲ್ಲಿಸಲಿ. ಫೆಂಗ್ಲರ್ ಅವರ ಮೊದಲ ವರ್ಷವೇ ಕೆಟ್ಟದಾಗಿ ಶುರುವಾಯಿತು. ಮೊದಲ ಸಾಲಿನ ಮೂರು ಕಾರುಗಳು ಸಾಲು ತಪ್ಪಿ ಮುಂದೆ ಹೋಗಿಬಿಟ್ಟವು. ಅವು ಸುತ್ತು ಹಾಕಿಕೊಂಡು ಬಂದು ಸೇರುವವರೆಗೆ ಎಲ್ಲರೂ ಕಾದರು. ಕೊನೆಗೆ ಹಸಿರು ಬಾವುಟ ಬಿತ್ತು. ಅದೇ ಮೊದಲ ಲ್ಯಾಪ್‌ನಲ್ಲಿ, ಮೂರನೇ ತಿರುವಿನಲ್ಲಿ, 15 ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಪ್ಯಾಟ್ ಓಕಾನರ್ ಅಲ್ಲೇ ಹೋದರು. ಮುಂದಿನ ವರ್ಷ ಎಲ್ಲ ಕಾರಿಗೂ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಕಂಬಿ, ಕಡ್ಡಾಯ ಆಯಿತು. ನಿಯಮ ಬರುವುದು ಹೆಚ್ಚಾಗಿ ಹೀಗೆಯೇ ಅಲ್ವಾ, ಒಬ್ಬರು ಹೋದ ಮೇಲೆ.

ಸೋರಿಕೆ ನಿಂತಿದೆ ಅಂದರು

ಈಗ 1963ರ ಮೇ 30. ಇಟ್ಟಿಗೆ ಹೋಗಿ ಡಾಂಬರು ಬಂದಾಗಿತ್ತು. ಗೆರೆಯ ಹತ್ತಿರ ಒಂದು ಗಜ ಇಟ್ಟಿಗೆ ಮಾತ್ರ ನೆನಪಿಗೆ ಉಳಿಸಿದ್ದರು. ಪಾರ್ನೆಲಿ ಜೋನ್ಸ್ ಅವರ 98ನೇ ನಂಬರಿನ ಕಾರು ಹಳೇ ಮಾದರಿಯದು, ಎಂಜಿನ್ ಮುಂದೆ. ಮಾಲೀಕರು ಜೆ.ಸಿ. ಅಗಜೇನಿಯನ್, ಸದಾ ಕೌಬಾಯ್ ಹ್ಯಾಟ್ ಹಾಕುವವರು. ಹಿಂದೆ ಇದ್ದದ್ದು ಜಿಮ್ ಕ್ಲಾರ್ಕ್, ಕಾಲಿನ್ ಚಾಪ್‌ಮನ್ ಅವರ ಲೋಟಸ್. ಎಂಜಿನ್ ಹಿಂದೆ ಇರುವ ಈ ಕಾರುಗಳೇ ನಾಳೆ ಎಲ್ಲವನ್ನೂ ನುಂಗುತ್ತವೆ ಅಂತ ಆ ದಿನವೇ ಗೊತ್ತಾಗುತ್ತಿತ್ತು. ಅಮೆರಿಕದ ಹಳೇ ಶಾಲೆಗೂ ಬ್ರಿಟನ್ನಿನ ಹೊಸ ಶಾಲೆಗೂ ನಡೆದ ಜಗಳ ಅದು. ಅದರ ಮಧ್ಯೆ ನಿಂತು ತೀರ್ಪು ಹೇಳಬೇಕಾದವರು ಹಲಗೆ ಟ್ರ್ಯಾಕಿನ ಕಾಲದವರು.

ಓಟ ಕೊನೆಗೆ ಬರುವ ಹೊತ್ತಿಗೆ ಜೋನ್ಸ್ ಕಾರಿನಿಂದ ಎಣ್ಣೆ ಸೋರಲು ಶುರುವಾಯಿತು. ಕಾರಿನ ಎಡಗಡೆ ಹೊರಗೆ ಇದ್ದ ಎಣ್ಣೆ ಟ್ಯಾಂಕ್‌ನಲ್ಲಿ ಬಿರುಕು. ಎಣ್ಣೆ ಸೋರುವ ಕಾರಿಗೆ ಕಪ್ಪು ಬಾವುಟ ತೋರಿಸಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಕರೆಸುವುದು ನಿಯಮ. ಅದೇ ದಿನ ಮುಂಚೆ ಜಿಮ್ ಹರ್ಟುಬೀಸ್ ಅವರ ಕಾರು ಎಣ್ಣೆ ಸೋರಿಕೆಯಿಂದಲೇ ಹೊರಗೆ ಹೋಗಿತ್ತು. ಈಗ ಮುಂದೆ ಓಡುತ್ತಿರುವ ಕಾರೇ ಸೋರುತ್ತಿದೆ. ಅಗಜೇನಿಯನ್ ಓಡಿ ಬಂದು ಫೆಂಗ್ಲರ್ ಹತ್ತಿರ ವಾದ ಮಾಡಿದರು. ಎಣ್ಣೆಯ ಮಟ್ಟ ಬಿರುಕಿಗಿಂತ ಕೆಳಗೆ ಇಳಿದಿದೆ, ಇನ್ನು ಸೋರುವುದಿಲ್ಲ ಅನ್ನುವುದು ಅವರ ವಾದ. ಚಾಪ್‌ಮನ್ ಕೂಡ ಬಂದರು. ಕಾರು ಸೋರುತ್ತಿದೆ, ನಿಯಮ ನಿಯಮವೇ ಅನ್ನುವುದು ಅವರ ವಾದ. ಒಂದು ಲ್ಯಾಪ್ ಅಂದರೆ ಸುಮಾರು ಒಂದು ನಿಮಿಷ. ವಾದ ಮುಗಿಯುವುದರೊಳಗೆ ಕಾರು ಇನ್ನೊಂದು ಸಲ ಮುಂದೆ ಹಾದು ಹೋಗುತ್ತದೆ. ಮತ್ತೆ ನೋಡಬೇಕು. ಸೋರುತ್ತಿದೆಯಾ? ಅದು ಈಗ ಬಿದ್ದದ್ದೋ, ಮೊದಲೇ ಬಿದ್ದು ಬಾಡಿಗೆ ಅಂಟಿದ್ದೋ?

ಬಾವುಟ ಎತ್ತಲಿಲ್ಲ. ಜೋನ್ಸ್ ಗೆದ್ದರು. ಕ್ಲಾರ್ಕ್ ಸುಮಾರು 34 ಸೆಕೆಂಡು ಹಿಂದೆ. ಎಡ್ಡಿ ಸ್ಯಾಕ್ಸ್ ಅವರ ಕಾರು ಕೊನೆಯ ಲ್ಯಾಪ್‌ಗಳಲ್ಲಿ ಜಾರಿ ಹೊರಬಿದ್ದಿತ್ತು. ಜೋನ್ಸ್ ಚೆಲ್ಲಿದ ಎಣ್ಣೆಯೇ ಕಾರಣ ಅಂತ ಅವರು ಮರುದಿನ ಜೋನ್ಸ್ ಮುಖಕ್ಕೇ ಹೇಳಿದರು. ಮಾತಿಗೆ ಮಾತು ಬೆಳೆದು ಜೋನ್ಸ್ ಸ್ಯಾಕ್ಸ್‌ಗೆ ಗುದ್ದಿದರು. ಅರವತ್ತು ವರ್ಷ ದಾಟಿದರೂ ಈ ವಾದ ಮುಗಿದಿಲ್ಲ. ಅಮೆರಿಕದ ಕಾರು, ಅಮೆರಿಕದ ಡ್ರೈವರ್, ಅದಕ್ಕೇ ಬಿಟ್ಟರು ಅನ್ನುವವರು ಒಂದು ಕಡೆ. ಗೆಲ್ಲುವ ಕಾರನ್ನು ಅನುಮಾನದ ಮೇಲೆ ನಿಲ್ಲಿಸುವುದು ಅನ್ಯಾಯ ಅನ್ನುವವರು ಇನ್ನೊಂದು ಕಡೆ.

ನನಗೆ ಎರಡೂ ಪೂರ್ತಿ ಒಪ್ಪಿಗೆ ಆಗುವುದಿಲ್ಲ. ದೇಶದ ಅಭಿಮಾನ ಅನ್ನುವುದು ತುಂಬ ಸುಲಭದ ಉತ್ತರ. ನನಗೆ ಅನಿಸುವುದು ಬೇರೆ. ಸುಮ್ಮನೆ ನಿಯಮದ ಪುಸ್ತಕ ಹಿಡಿದು ಬಂದ ಅಧಿಕಾರಿ ಆಗಿದ್ದರೆ ಅವರಿಗೆ ಆ ದಿನ ಕೆಲಸ ಸುಲಭ ಇರುತ್ತಿತ್ತು. ಎಣ್ಣೆ ಕಂಡಿತು, ಬಾವುಟ ಎತ್ತು. ಅಷ್ಟೇ. ಆದರೆ ಓಡಿಸಿದವನಿಗೆ ಸೋರಿಕೆಯಲ್ಲಿ ಹತ್ತು ತರ ಕಾಣುತ್ತದೆ. ತೊಟ್ಟಿಕ್ಕುವುದು ಬೇರೆ, ಹರಿಯುವುದು ಬೇರೆ, ಬಿಸಿಗೆ ಆವಿಯಾಗಿ ಹೋಗುವುದು ಬೇರೆ. ಮಟ್ಟ ಇಳಿದರೆ ನಿಲ್ಲುತ್ತದೆ ಅನ್ನುವ ಮಾತು ಎಷ್ಟು ನಿಜ ಇರಬಹುದು ಅಂತ ಅವನಿಗೆ ಗೊತ್ತು. 190 ಲ್ಯಾಪ್ ಓಡಿಸಿದವನನ್ನು ಕರೆಸಿ ನಿಲ್ಲಿಸಿದರೆ ಆ ಡ್ರೈವರ್‌ನ ಎದೆಯಲ್ಲಿ ಏನಾಗುತ್ತದೆ ಅನ್ನುವುದೂ ಗೊತ್ತು. ಹಾಗೇ, ಹಿಂದೆ ಬರುವವನ ಟೈರ್ ಎಣ್ಣೆಯ ಮೇಲೆ ಹತ್ತಿದಾಗ ಏನಾಗುತ್ತದೆ ಅನ್ನುವುದೂ ಗೊತ್ತು. ಇಷ್ಟೆಲ್ಲ ಗೊತ್ತಿರುವವನ ಕೈ ತಡವಾಗುತ್ತದೆ. ಯಾವ ಅನುಭವಕ್ಕಾಗಿ ಅವನನ್ನು ಆ ಜಾಗದಲ್ಲಿ ನಿಲ್ಲಿಸಿದರೋ ಅದೇ ಅನುಭವ ಅವನ ಮೊಣಕೈ ಹಿಡಿದುಕೊಳ್ಳುತ್ತದೆ. ಇದನ್ನು ನಾನು ಊಹೆ ಮಾಡಿ ಹೇಳುತ್ತಿಲ್ಲ.

ತೋಟದ ಗೇಟಿನ ಹತ್ತಿರ

ನಾನು ದೊಡ್ಡ ಡ್ರೈವರ್ ಏನೂ ಆಗಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬೆಂಗಳೂರಿನ ಸುತ್ತಮುತ್ತ ರಾಲಿಗಳಲ್ಲಿ ಡ್ರೈವರ್ ಪಕ್ಕ ದಾರಿ ಹೇಳುವ ನ್ಯಾವಿಗೇಟರ್ ಆಗಿ ಕೂತವನು. ರೋಡ್ ಬುಕ್ ತೊಡೆಯ ಮೇಲೆ, ಬಾಯಲ್ಲಿ ಪೆನ್ನು, ಕೈಯಲ್ಲಿ ಗಡಿಯಾರ. ಕೆಲವು ಸಲ ನಾನೇ ಓಡಿಸಿದ್ದೂ ಉಂಟು. ನನಗೆ ಇದನ್ನೆಲ್ಲ ಕಲಿಸಿದವರು ಒಬ್ಬರು ಇದ್ದರು. ಹೆಸರು ಬೇಡ, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಮಲೆನಾಡಿನ ಮಂಜಿನಲ್ಲಿ ಒಂದೂ ದಾರಿ ತಪ್ಪದೆ ಓಡಿಸುತ್ತಿದ್ದ ಮನುಷ್ಯ. ಅವರ ಪಕ್ಕ ಕೂತು ನಾನು ಎಷ್ಟೋ ಸಲ ವಾಂತಿ ಮಾಡಿಕೊಂಡಿದ್ದೇನೆ, ಅವರು ಒಂದು ಸಲವೂ ಗದರಿದ್ದಿಲ್ಲ.

ನಮ್ಮಲ್ಲಿ ಡ್ರೈವರ್‌ನಿಂದ ಅಧಿಕಾರಿ ಆಗುವ ದಾರಿ ತುಂಬ ಚಿಕ್ಕದು. ಜನ ಕಡಿಮೆ. ಈ ತಿಂಗಳು ಓಡಿಸಿದವನು ಮುಂದಿನ ತಿಂಗಳು ಮಾರ್ಷಲ್ ಆಗುತ್ತಾನೆ. ಮದುವೆ ಆಯಿತು, ಮಗು ಆಯಿತು, ಕಾರಿಗೆ ಹಾಕಲು ದುಡ್ಡಿಲ್ಲ ಅಂತಾದರೆ ಪೂರ್ತಿ ಮಾರ್ಷಲ್ ಆಗುತ್ತಾನೆ. ನಾನೂ ಹಾಗೇ ಆದೆ. ಆ ಮಳೆಗಾಲ ಮುಗಿದ ಮೇಲೆ ಒಂದು ರಾಲಿಯಲ್ಲಿ ನನ್ನನ್ನು ಸ್ಪೆಷಲ್ ಸ್ಟೇಜಿನ, ಅಂದರೆ ಸಮಯ ಅಳೆದು ಓಡಿಸುವ ದಾರಿಯ, ಸ್ಟಾರ್ಟ್‌ನಲ್ಲಿ ನಿಲ್ಲಿಸಿದರು. ಕಾಫಿ ತೋಟದ ಗೇಟು. ಒಳಗೆ ಹದಿನಾಲ್ಕು ಕಿಲೋಮೀಟರ್ ಮಣ್ಣು ದಾರಿ. ಬೆಳಗ್ಗೆ ತುಂತುರು ಬಿದ್ದಿತ್ತು. ಹಣ್ಣು ಕೆಂಪಾಗುತ್ತಿದ್ದ ಸಮಯ. ಕಾರುಗಳನ್ನು ಎರಡೆರಡು ನಿಮಿಷಕ್ಕೆ ಒಂದರಂತೆ ಬಿಡಬೇಕು. ಟೈಮ್ ಕಾರ್ಡ್ ಇಸಿದುಕೊಂಡು ಬರೆದು ವಾಪಸ್ ಕೊಡಬೇಕು, ಕೊನೆಯ ಐದು ಸೆಕೆಂಡಿಗೆ ವಿಂಡ್‌ಶೀಲ್ಡ್ ಮುಂದೆ ಕೈ ಹಿಡಿದು ಒಂದೊಂದೇ ಬೆರಳು ಮಡಚಬೇಕು. ಏನಾದರೂ ಅನುಮಾನ ಬಂದರೆ ವಯರ್‌ಲೆಸ್‌ನಲ್ಲಿ ರಾಲಿ ನಡೆಸುವ ಮುಖ್ಯ ಅಧಿಕಾರಿ ಕ್ಲರ್ಕ್ ಆಫ್ ದಿ ಕೋರ್ಸ್‌ಗೆ ಹೇಳಬೇಕು. ತೀರ್ಮಾನ ಅವರದು. ನನ್ನ ಕೆಲಸ ಹೇಳುವುದು ಮಾತ್ರ.

ಅಣ್ಣನ ಜಿಪ್ಸಿ ಬಂತು. ಹಿಂದಿನ ಸ್ಟೇಜಿನಲ್ಲಿ ಕಲ್ಲಿಗೆ ತಾಗಿಸಿಕೊಂಡಿದ್ದರು ಅಂತ ನೋಡಿದರೇ ಗೊತ್ತಾಗುತ್ತಿತ್ತು, ಕೆಳಗಿನ ಗಾರ್ಡ್ ಒಂದು ಕಡೆ ಬಗ್ಗಿತ್ತು. ಕಾರು ನಿಂತ ಜಾಗದಲ್ಲಿ, ಒದ್ದೆ ಮಣ್ಣಿನ ಮೇಲೆ, ಕಪ್ಪಗೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಬಗ್ಗಿ ನೋಡಿದೆ. ಅಣ್ಣ ಹೆಲ್ಮೆಟ್ ಒಳಗಿಂದಲೇ ಹೇಳಿದರು, "ಅದು ಹಳೇದು ಕಣೋ. ಗಾರ್ಡ್ ಮೇಲೆ ನಿಂತಿರೋದು ಬೀಳ್ತಿದೆ. ಸೋರಿಕೆ ನಿಂತೋಗಿದೆ." ನಾನು ಗಡಿಯಾರ ನೋಡಿದೆ. ನಲವತ್ತು ಸೆಕೆಂಡು ಇತ್ತು. ವಯರ್‌ಲೆಸ್ ಎಡಗೈಯಲ್ಲಿತ್ತು. ಹೆಬ್ಬೆರಳು ಬಟನ್ ಮೇಲೆಯೇ ಇತ್ತು. ಅಣ್ಣ ಹೇಳಿದ್ದು ನಿಜ ಇರಬಹುದು. ಅಂಥದ್ದನ್ನು ನಾನೇ ಕಂಡಿದ್ದೆ, ಗಾರ್ಡ್ ಮೇಲೆ ಕೂತ ಎಣ್ಣೆ ಅರ್ಧ ದಿನ ತೊಟ್ಟಿಕ್ಕುತ್ತದೆ. ಅವರು ಆ ದಿನ ತಮ್ಮ ಕ್ಲಾಸಿನಲ್ಲಿ ಮೊದಲ ಜಾಗದಲ್ಲಿದ್ದರು. ಅವರಿಗೆ ಅದು ಕೊನೆಯ ವರ್ಷ ಅಂತ ನಮಗೆಲ್ಲ ಗೊತ್ತಿತ್ತು. ಈಗ ಬಟನ್ ಒತ್ತಿದರೆ ಕಾರು ಪಕ್ಕಕ್ಕೆ. ಹತ್ತು ನಿಮಿಷ ಹೋದರೆ ಎಲ್ಲ ಹೋಯಿತು. ಇಷ್ಟೆಲ್ಲ ನಲವತ್ತು ಸೆಕೆಂಡಿನಲ್ಲಿ ತಲೆಯಲ್ಲಿ ಓಡಿತು. ಆಮೇಲೆ ನನ್ನ ಬಲಗೈ ವಿಂಡ್‌ಶೀಲ್ಡ್ ಮುಂದೆ ಹೋಯಿತು. ಐದು, ನಾಲ್ಕು, ಮೂರು, ಎರಡು, ಒಂದು. ಮಣ್ಣು ಎರಚಿಕೊಂಡು ಕಾರು ತೋಟದೊಳಗೆ ಹೋಯಿತು.

ಎರಡು ನಿಮಿಷಕ್ಕೆ ಮುಂದಿನ ಕಾರು. ಇಬ್ಬರು ಹುಡುಗರು, ಎರಡನೇ ರಾಲಿಯೋ ಮೂರನೇದೋ. ಅವರನ್ನೂ ಬಿಟ್ಟೆ. ಆರನೇ ಕಿಲೋಮೀಟರಿನ ಹತ್ತಿರ ಒಂದು ಎಡ ತಿರುವಿನಲ್ಲಿ ಅವರ ಕಾರು ಜಾರಿ ಕಾಫಿ ಗಿಡಗಳ ಮೇಲೆ ಹತ್ತಿ, ಒಂದು ಸಿಲ್ವರ್ ಓಕ್ ಮರಕ್ಕೆ ಪಕ್ಕ ಕೊಟ್ಟು ನಿಂತಿತು. ಡ್ರೈವರ್‌ಗೆ ಏನೂ ಆಗಲಿಲ್ಲ. ನ್ಯಾವಿಗೇಟರ್ ಹುಡುಗನ ಹೆಗಲಿನ ಮೂಳೆ ಬಿರಿದಿತ್ತು. ವಯರ್‌ಲೆಸ್‌ನಲ್ಲಿ ಸುದ್ದಿ ಬಂದಾಗ ನನ್ನ ಹೆಬ್ಬೆರಳು ಇನ್ನೂ ಆ ಬಟನ್ ಮೇಲೇ ಇತ್ತು ಅನ್ನುವುದು ಈಗಲೂ ನೆನಪಿದೆ.

ಅವತ್ತು ಯಾರೂ ನನ್ನನ್ನು ಏನೂ ಕೇಳಲಿಲ್ಲ. ಒದ್ದೆ ಮಣ್ಣು, ಹೊಸ ಹುಡುಗರು, ಜಾಸ್ತಿ ವೇಗ. ಎಲ್ಲರೂ ಹಾಗೇ ಅಂದುಕೊಂಡರು. ಹಾಗೇ ಇದ್ದಿರಲೂಬಹುದು. ಸ್ಟೇಜ್ ಮುಗಿದು ದಾರಿ ಬಿಟ್ಟ ಮೇಲೆ, ಸಂಜೆ ಕತ್ತಲಾಗುವ ಹೊತ್ತಿಗೆ, ನಾನೊಬ್ಬನೇ ಬೈಕ್ ತಗೊಂಡು ಆ ತಿರುವಿಗೆ ಹೋದೆ. ಟಾರ್ಚ್ ಹಾಕಿ ಮಂಡಿಯೂರಿ ನೋಡಿದೆ. ಹತ್ತಾರು ಕಾರು ಓಡಿ ಮಣ್ಣು ಉತ್ತ ಗದ್ದೆಯ ಹಾಗೆ ಆಗಿತ್ತು. ಕಲ್ಲುಗಳನ್ನು ಒಂದೊಂದೇ ಎತ್ತಿ ಬೆರಳಿನಿಂದ ಒರೆಸಿ ಮೂಸಿದೆ. ಒಂದು ಕಲ್ಲಿನಲ್ಲಿ ಎಣ್ಣೆಯ ವಾಸನೆ ಬಂತು ಅನಿಸಿತು. ಇನ್ನೊಂದು ಸಲ ಮೂಸಿದರೆ ಕೊಳೆತ ಎಲೆಯ ವಾಸನೆ. ನನ್ನ ಕೈಗೇ ಬೈಕಿನ ಚೈನಿನ ಎಣ್ಣೆ ಅಂಟಿತ್ತೇನೋ. ಆ ಕಲ್ಲನ್ನು ಜೇಬಿಗೆ ಹಾಕಿಕೊಂಡು ಬಂದೆ. ಬೆಳಗ್ಗೆ ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ.

ಅಣ್ಣ ಆ ರಾಲಿಯಲ್ಲಿ ತಮ್ಮ ಕ್ಲಾಸ್ ಗೆದ್ದರು.

ಮುಂದೆ ಇದ್ದು ಗೆಲ್ಲದವರು

ಆಮೇಲೆ ಎರಡು ವರ್ಷ ನಾನು ಮಾರ್ಷಲ್ ಕೆಲಸಕ್ಕೆ ಹೋಗಲಿಲ್ಲ. ಆ ಹೊತ್ತಿನಲ್ಲೇ ಈ ಹಳೇ ಡ್ರೈವರ್-ಅಧಿಕಾರಿಗಳ ಬಗ್ಗೆ ಹುಡುಕಿ ಓದಲು ಶುರು ಮಾಡಿದ್ದು. ಎಲ್ಲರೂ ಫೆಂಗ್ಲರ್ ಥರ ದೊಡ್ಡ ವಿವಾದದಲ್ಲಿ ಸಿಕ್ಕಿಕೊಂಡವರಲ್ಲ. ಎಲ್ಮೋ ಲ್ಯಾಂಗ್ಲಿ ಅಂತ ಒಬ್ಬರು. ಅಮೆರಿಕದ ನ್ಯಾಸ್ಕಾರ್ ಕಾರು ರೇಸ್ ಸರಣಿಯಲ್ಲಿ 500ಕ್ಕೂ ಹೆಚ್ಚು ಓಟ ಓಡಿಸಿದವರು. ಗೆದ್ದದ್ದು ಎರಡೇ ಎರಡು, ಎರಡೂ 1966ರಲ್ಲಿ. ವಯಸ್ಸಾದ ಮೇಲೆ ನ್ಯಾಸ್ಕಾರ್‌ನ ಪೇಸ್ ಕಾರು ಓಡಿಸುವ ಕೆಲಸಕ್ಕೆ ಬಂದರು. ಜೀವಮಾನ ಪೂರ್ತಿ ಮುಂದೆ ಹೋಗಲು ಒದ್ದಾಡಿದ ಮನುಷ್ಯ ಈಗ ಪ್ರತಿ ಓಟದಲ್ಲೂ ಎಲ್ಲರಿಗಿಂತ ಮುಂದೆ. ಕೆಲಸ ಮಾತ್ರ ನಿಧಾನವಾಗಿ ಹೋಗುವುದು, ಸಮಯ ಬಂದಾಗ ಪಕ್ಕಕ್ಕೆ ಸರಿದುಬಿಡುವುದು. 1996ರ ನವೆಂಬರ್‌ನಲ್ಲಿ ಜಪಾನಿನ ಸುಜುಕಾದಲ್ಲಿ, ಅಲ್ಲಿನ ಪ್ರದರ್ಶನದ ಓಟಕ್ಕೆ ಮುಂಚೆ, ಪೇಸ್ ಕಾರಿನಲ್ಲಿ ಟ್ರ್ಯಾಕ್ ಸುತ್ತುತ್ತಿದ್ದಾಗಲೇ ಎದೆ ಹಿಡಿದುಕೊಂಡು ತೀರಿಹೋದರು. ಈ ಮನುಷ್ಯನ ಮೇಲೆ ನನಗೆ ತುಂಬ ಗೌರವ. ಪಕ್ಕಕ್ಕೆ ಸರಿಯುವುದು ಕಲಿಯಲು ಎಷ್ಟು ಕಷ್ಟ ಅಂತ ಓಡಿಸಿದವರಿಗೆ ಮಾತ್ರ ಗೊತ್ತು.

ಇನ್ನೊಬ್ಬರು ವಾಲಿ ಡಾಲೆನ್‌ಬಾಕ್. 1975ರ ಇಂಡಿಯಾನಾಪೊಲಿಸ್‌ನಲ್ಲಿ 96 ಲ್ಯಾಪ್ ಮುಂದೆ ಇದ್ದರು. 162ನೇ ಲ್ಯಾಪ್‌ಗೆ ಪಿಸ್ಟನ್ ಹೋಯಿತು. ಇನ್ನು 12 ಲ್ಯಾಪ್ ಆಗುವಷ್ಟರಲ್ಲಿ ಜೋರು ಮಳೆ ಬಂದು ಓಟವನ್ನು ಅಲ್ಲಿಗೇ ನಿಲ್ಲಿಸಿದರು, ಬಾಬಿ ಅನ್ಸರ್ ಗೆದ್ದರು. ಆ ಹನ್ನೆರಡು ಲ್ಯಾಪ್‌ನ ಸಂಕಟ ಊಹೆ ಮಾಡಿಕೊಳ್ಳಿ. ಅದೇ ಮನುಷ್ಯ ಓಡಿಸುವುದು ಬಿಟ್ಟ ಮೇಲೆ ಕಾರ್ಟ್ (CART) ಅನ್ನೋ ಅಮೆರಿಕದ ರೇಸ್ ಸರಣಿಯ ಚೀಫ್ ಸ್ಟುವರ್ಡ್ ಆಗಿ ವರ್ಷಗಟ್ಟಲೆ ಇದ್ದರು. ಆ ಸರಣಿಯ ಜೊತೆಗೆ ಊರಿಂದ ಊರಿಗೆ ಹೋಗುವ ರಕ್ಷಣಾ ತಂಡ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಮುಂಚೆ ಆಯಾ ಊರಿನ ಆಂಬುಲೆನ್ಸ್, ಆಯಾ ಊರಿನ ಜನ. ರೇಸ್ ಕಾರಿನಿಂದ ಮನುಷ್ಯನನ್ನು ಹೇಗೆ ಎತ್ತಬೇಕು ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತಿರಲಿಲ್ಲ. ಆಮೇಲೆ ಅದೇ ಡಾಕ್ಟರ್‌ಗಳು, ಅದೇ ಕೈಗಳು, ಪ್ರತಿ ಓಟಕ್ಕೂ. 2001ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಲಾಸಿಟ್ಜ್‌ರಿಂಗ್‌ನಲ್ಲಿ ಅಲೆಕ್ಸ್ ಜನಾರ್ಡಿ ಎರಡೂ ಕಾಲು ಕಳೆದುಕೊಂಡಾಗ, ಅಷ್ಟು ರಕ್ತ ಹೋದ ಮೇಲೂ ಬದುಕಿದರು. ಆ ತಂಡ ಕೆಲವೇ ಸೆಕೆಂಡಿನಲ್ಲಿ ಅಲ್ಲಿ ಇದ್ದದ್ದೇ ಕಾರಣ. ಜನಾರ್ಡಿ ಆಮೇಲೆ ಪ್ಯಾರಾಲಿಂಪಿಕ್ಸ್‌ನಲ್ಲಿ ಕೈಸೈಕಲ್ ಓಡಿಸಿ ಚಿನ್ನ ಗೆದ್ದರು. ಡಾಲೆನ್‌ಬಾಕ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ದಿನ ನಮ್ಮ ಗುಂಪಿನಲ್ಲಿ ಸುದ್ದಿ ಹಾಕಿದೆ. ಹೆಚ್ಚು ಜನಕ್ಕೆ ಅವರು ಯಾರು ಅಂತ ಗೊತ್ತಿರಲಿಲ್ಲ, ಬೇಜಾರಾಯಿತು.

ಡಾಲೆನ್‌ಬಾಕ್ ಅವರಲ್ಲಿ ನನಗೆ ಕಾಣುವ ಒಂದು ವಿಷಯ ಇದೆ. ಅವರು ತಮ್ಮ ಅನುಭವವನ್ನು ಓಟಕ್ಕೆ ಮುಂಚೆ ಬಳಸಿದರು. ಕಾರು ಗೋಡೆಗೆ ಹೊಡೆದ ಮೇಲೆ ಏನು ಬೇಕು ಅಂತ ಮೊದಲೇ ಯೋಚಿಸಿ ಜೋಡಿಸಿಟ್ಟರು. ಫೆಂಗ್ಲರ್‌ಗೂ ನನಗೂ ಅದು ಬೇಕಾಗಿದ್ದು ನಲವತ್ತು ಸೆಕೆಂಡಿನ ಒಳಗೆ, ಪರಿಚಯದ ದನಿ ಕಿವಿಯಲ್ಲಿ ಇದ್ದಾಗ. ಆ ಹೊತ್ತಿನಲ್ಲಿ ಅನುಭವ ಕೈ ಕೊಡುತ್ತದೆ.

1964, 1973

ಫೆಂಗ್ಲರ್ ಕಥೆ 1963ಕ್ಕೆ ಮುಗಿಯುವುದಿಲ್ಲ. ಮರುವರ್ಷ ಎರಡನೇ ಲ್ಯಾಪ್‌ನಲ್ಲಿ ಡೇವ್ ಮೆಕ್‌ಡೊನಾಲ್ಡ್ ಅವರ ಕಾರು ಒಳಗೋಡೆಗೆ ಹೊಡೆದು ಬೆಂಕಿಯಾಗಿ ಟ್ರ್ಯಾಕಿಗೆ ವಾಪಸ್ ಜಾರಿ ಬಂತು. ಅದಕ್ಕೆ ಬಂದು ಗುದ್ದಿದವರು ಎಡ್ಡಿ ಸ್ಯಾಕ್ಸ್. ಹೋದ ವರ್ಷ ಎಣ್ಣೆಯ ಬಗ್ಗೆ ಜಗಳ ಮಾಡಿದ್ದ ಅದೇ ಸ್ಯಾಕ್ಸ್. ಇಬ್ಬರೂ ಉಳಿಯಲಿಲ್ಲ. ಅಪಘಾತದ ಕಾರಣಕ್ಕೆ ಇಂಡಿಯಾನಾಪೊಲಿಸ್ ಓಟವನ್ನು ಕೆಂಪು ಬಾವುಟ ತೋರಿಸಿ ನಿಲ್ಲಿಸಿದ್ದು ಅದೇ ಮೊದಲು. ಈ ಸಲ ಬಾವುಟ ಬಂತು. ಆಮೇಲೆ ಇಂಧನದ ನಿಯಮ ಬದಲಾಯಿತು, ಕಾರುಗಳು ಪೆಟ್ರೋಲ್ ಬಿಟ್ಟು ಮೆಥನಾಲ್ ಕಡೆ ತಿರುಗಿದವು. ಎರಡು ಘಟನೆಗೂ ಸಂಬಂಧ ಇಲ್ಲ ಅಂತ ಗೊತ್ತು. 1963ರಲ್ಲಿ ಬಾವುಟ ಎತ್ತಿದ್ದರೆ 1964 ಬೇರೆ ಆಗುತ್ತಿರಲಿಲ್ಲ. ಆದರೂ ಆ ಹೊಗೆ ನೋಡುತ್ತಾ ನಿಂತ ಮನುಷ್ಯನಿಗೆ ಕಾರಿನೊಳಗೆ ಇದ್ದವರು ಯಾರು ಅಂತ ತಿಳಿದಾಗ ಏನಾಗಿರಬೇಕು ಅನ್ನುವುದು ನನ್ನನ್ನು ಬಿಡುವುದಿಲ್ಲ.

ಆಮೇಲೂ ಒಂಬತ್ತು ವರ್ಷ ಅವರು ಆ ಜಾಗದಲ್ಲೇ ಇದ್ದರು. ಕೊನೆಯದು 1973. ಅರ್ಹತಾ ಓಟದ ದಿನ ಆರ್ಟ್ ಪೊಲಾರ್ಡ್ ತೀರಿಕೊಂಡರು. ಓಟ ಶುರುವಾದ ಕೂಡಲೇ ಸಾಲ್ಟ್ ವಾಲ್ಥರ್ ಅವರ ಕಾರು ಬೇಲಿಗೆ ಹಾರಿ, ಉರಿಯುವ ಇಂಧನ ಪ್ರೇಕ್ಷಕರ ಮೇಲೆ ಬಿತ್ತು. ಮಳೆ ಬಂದು ಓಟ ಮೂರನೇ ದಿನಕ್ಕೆ ಹೋಯಿತು. ಆ ದಿನ ಸ್ವೀಡ್ ಸ್ಯಾವೇಜ್ ಗೋಡೆಗೆ ಹೊಡೆದರು. ಅವರ ನೆರವಿಗೆ ಓಡುತ್ತಿದ್ದ ವಾಹನಕ್ಕೆ ಸಿಕ್ಕಿ ಪಿಟ್‌ನ ಒಬ್ಬ ಯುವಕ ಸತ್ತ. ಸ್ಯಾವೇಜ್ ಜುಲೈನಲ್ಲಿ ತೀರಿಕೊಂಡರು. 133 ಲ್ಯಾಪ್‌ಗೆ ಮತ್ತೆ ಮಳೆ ಬಂದು ಎಲ್ಲ ಮುಗಿಯಿತು. ಮುಂದಿನ ವರ್ಷ ಚೀಫ್ ಸ್ಟುವರ್ಡ್ ಜಾಗದಲ್ಲಿ ಟಾಮ್ ಬಿನ್‌ಫರ್ಡ್ ಇದ್ದರು. ಬಿನ್‌ಫರ್ಡ್ ರೇಸ್ ಡ್ರೈವರ್ ಆಗಿದ್ದವರಲ್ಲ.

ಇದಕ್ಕೆ ಏನು ಅರ್ಥ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಓಡಿಸದವನೇ ನಿಲ್ಲಿಸಲು ಲಾಯಕ್ಕಾ? ಒಂದೊಂದು ದಿನ ಹೌದು ಅನಿಸುತ್ತದೆ. ಆದರೆ ಡಾಲೆನ್‌ಬಾಕ್ ನೆನಪಾದರೆ ಆ ಮಾತು ನಿಲ್ಲುವುದಿಲ್ಲ.

ಸ್ಕ್ರೂಟಿನಿ ದಿನ

ಅಣ್ಣ ಆ ವರ್ಷವೇ ಓಡಿಸುವುದು ಬಿಟ್ಟರು. ಸ್ವಲ್ಪ ದಿನ ಕಾಣಲಿಲ್ಲ. ಆಮೇಲೆ ಒಂದು ದಿನ ಸ್ಕ್ರೂಟಿನಿಯಲ್ಲಿ ಕಾಣಿಸಿಕೊಂಡರು, ಕಾರು ತಪಾಸಣೆ ಮಾಡುವವರಾಗಿ. ರಾಲಿಗೆ ಹಿಂದಿನ ದಿನ ಎಲ್ಲ ಕಾರನ್ನೂ ಸಾಲಾಗಿ ನಿಲ್ಲಿಸಿ ರೋಲ್ ಕೇಜ್, ಬೆಲ್ಟ್, ಹೆಲ್ಮೆಟ್, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲ ನೋಡುತ್ತಾರಲ್ಲ, ಆ ಕೆಲಸ. ನಾನೂ ಅಷ್ಟು ಹೊತ್ತಿಗೆ ವಾಪಸ್ ಬಂದಿದ್ದೆ. ಪಟ್ಟಿ ಹಿಡಿದು ಟಿಕ್ ಹಾಕುವ ಕೆಲಸ ನನಗೆ ಕೊಟ್ಟಿದ್ದರು. ಆ ತೋಟದ ವಿಷಯ ನಾವು ಯಾವತ್ತೂ ಮಾತಾಡಿರಲಿಲ್ಲ. ಈಗಲೂ ಮಾತಾಡಿಲ್ಲ.

ಹೋದ ವರ್ಷದ ಮಾತು. ಅಣ್ಣನಿಗೆ ಅರವತ್ತು ದಾಟಿದೆ. ಮಂಡಿ ನೋವು. ಆದರೂ ಕಾರಿನ ಕೆಳಗೆ ಬೇರೆಯವರನ್ನು ಬಿಡುವುದಿಲ್ಲ. ರಟ್ಟಿನ ಹಾಳೆ ಹಾಸಿಕೊಂಡು, ಹಣೆಗೆ ಲೈಟ್ ಕಟ್ಟಿಕೊಂಡು, ತಾವೇ ಒಳಗೆ ಜಾರುತ್ತಾರೆ. ಆವತ್ತು ಒಬ್ಬ ಹುಡುಗನ ಕಾರಿನ ಕೆಳಗೆ ಐದು ನಿಮಿಷ ಆಗಿತ್ತು. ಹುಡುಗ ನನ್ನ ಪಕ್ಕ ನಿಂತು ಚಡಪಡಿಸುತ್ತಿದ್ದ. ಒಳ್ಳೆ ಡ್ರೈವರ್, ಅಣ್ಣನಿಗೆ ತುಂಬ ಹಿಡಿಸಿದ ಹುಡುಗ. "ಸರ್, ಅದು ನಿನ್ನೆ ಸರ್ವಿಸ್ ಮಾಡ್ದಾಗ ಚೆಲ್ಲಿದ್ದು ಸರ್, ಸೋರ್ತಿಲ್ಲ," ಅಂದ. ಕೆಳಗಿಂದ ಉತ್ತರ ಬರಲಿಲ್ಲ. ಒಂದು ಕೈ ಮಾತ್ರ ಹೊರಗೆ ಬಂತು, ಬಟ್ಟೆಗೆ. ನಾನು ಬಟ್ಟೆ ಕೊಟ್ಟೆ. ಒರೆಸುವ ಸದ್ದು ಕೇಳಿಸಿತು. ಆಮೇಲೆ ಅಣ್ಣ ಹೊರಗೆ ಬಂದು, ರಟ್ಟಿನ ಮೇಲೆಯೇ ಎದ್ದು ಕೂತು, ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಒಂದು ಸಲ ಅಲ್ಲ, ಎರಡು ಸಲ. ನನ್ನ ಕಡೆ ನೋಡಲಿಲ್ಲ.

"ಎಂಜಿನ್ ಆನ್ ಮಾಡಿ ಇಡು," ಅಂದರು ಹುಡುಗನಿಗೆ. "ಇಪ್ಪತ್ತು ನಿಮಿಷ. ಬಿಸಿ ಆಗ್ಲಿ. ಆಮೇಲೆ ಇನ್ನೊಂದ್ಸಲ ನೋಡ್ತೀನಿ."

ಹುಡುಗ ಏನೋ ಹೇಳಲು ಬಾಯಿ ತೆರೆದ. ಅಣ್ಣ ಆಗಲೇ ಮತ್ತೆ ರಟ್ಟಿನ ಮೇಲೆ ಮಲಗಿ ಕಾರಿನ ಕೆಳಗೆ ಹೋಗಿದ್ದರು. ನಾನು ಪಟ್ಟಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟು ಗಡಿಯಾರ ನೋಡಿಕೊಂಡೆ.